ಒಂದೇ ಪ್ರಶ್ನೆ ಎರಡು ಸಲ

ಬಿ.ಎಡ್. ಓದುವಾಗ ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಅಂದರೆ ನನಗೆ ಮಕ್ಕಳ ಬುದ್ಧಿ ಬೆಳೆಯುವ ನಾಲ್ಕು ಹಂತಗಳ ಬಾಯಿಪಾಠ, ಅಷ್ಟೇ. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆ ನಡೆಸುತ್ತಾ ಈ ಪುಣ್ಯಾತ್ಮ ಸರಿ ಉತ್ತರ ಬಿಟ್ಟು ತಪ್ಪು ಉತ್ತರಗಳ ಬೆನ್ನು ಹತ್ತಿದ್ದ ಅನ್ನೋದನ್ನ ಯಾರೂ ಹೇಳಿರಲಿಲ್ಲ. ಒಂದೇ ವಯಸ್ಸಿನ ಮಕ್ಕಳು ಹೆಚ್ಚುಕಮ್ಮಿ ಒಂದೇ ಥರ ತಪ್ಪು ಮಾಡುತ್ತಿದ್ದರಂತೆ.

ಬೇಸಿಗೆ ರಜೆಯಲ್ಲಿ ಮನೆ ತುಂಬಾ ಮಕ್ಕಳು. ಒಂಬತ್ತು ತಿಂಗಳ ಕೂಸಿನ ಗಿಲಕಿಯನ್ನು ಟವೆಲ್ ಅಡಿ ಬಚ್ಚಿಟ್ಟರೆ ತಟ್ಟನೆ ಎಳೆದು ತೆಗೀತು. ಆಮೇಲೆ ಅದರ ಕಣ್ಣೆದುರೇ ದಿಂಬಿನಡಿ ಇಟ್ಟೆ. ಮತ್ತೆ ಟವೆಲ್ಲನ್ನೇ ಎತ್ತಿ ನೋಡ್ತು! ಪಿಯಾಜೆ ತಮ್ಮ ಮೂರು ಮಕ್ಕಳಲ್ಲಿ ಕಂಡು ಬರೆದಿಟ್ಟದ್ದೂ ಇಂಥದ್ದನ್ನೇ.

ಐದು ವರ್ಷದವನಿಗೆ ಪಾನಕ. ಎರಡು ಗಾಜಿನ ಲೋಟದಲ್ಲಿ ಸಮನಾಗಿ ಹಾಕಿ, "ಎರಡರಲ್ಲೂ ಅಷ್ಟೇ ಐತಾ?" ಅಂದೆ. ಹೂಂ ಅಂದ. ಒಂದನ್ನು ಸಪೂರ ಉದ್ದ ಲೋಟಕ್ಕೆ ಬಗ್ಗಿಸಿ ಮತ್ತೆ ಕೇಳಿದೆ. "ಇದ್ರಲ್ಲೇ ಜಾಸ್ತಿ, ಇದು ನಂಗೆ." ಎಂಟು ವರ್ಷದ ಅಕ್ಕನಿಗೆ ನಗು: "ವಾಪಸ್ ಸುರಿದ್ರೆ ಅಷ್ಟೇ ಆಗುತ್ತಲ್ಲೋ!"

ಆದರೆ ಇಲ್ಲೊಂದು ತಕರಾರಿದೆ. ನಾನು ಒಂದೇ ಪ್ರಶ್ನೆ ಎರಡು ಸಲ ಕೇಳಿದೆ. 1974ರಲ್ಲಿ ಸುಸಾನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಅನ್ನೋ ಮನೋವಿಜ್ಞಾನಿಗಳು ಎರಡು ಸಾಲಾಗಿ ಜೋಡಿಸಿದ ಬಿಲ್ಲೆಗಳನ್ನಿಟ್ಟು, ಮೊದಲ ಪ್ರಶ್ನೆ ಬಿಟ್ಟು ಸಾಲು ಬದಲಿಸಿದ ಮೇಲೆ ಮಾತ್ರ ಕೇಳಿ ನೋಡಿದರು. ಹೆಚ್ಚು ಮಕ್ಕಳು ಸರಿ ಹೇಳಿದರು. ಸ್ಕಾಟ್ಲೆಂಡಿನ ಮ್ಯಾಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್, ಸಾಲು ಕೆಡಿಸುವ ಕೆಲಸವನ್ನು ತುಂಟ ಕರಡಿಬೊಂಬೆಗೆ ವಹಿಸಿದಾಗಲೂ ಹಾಗೇ ಆಯಿತು. ದೊಡ್ಡವರು ಬೇಕೆಂದೇ ಏನೋ ಬದಲಿಸಿ ಅದನ್ನೇ ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಅಂದುಕೊಳ್ಳುತ್ತದೆ ಮಗು. ಹಾಗಂತ ಪಿಯಾಜೆ ಕಂಡದ್ದೆಲ್ಲ ಸುಳ್ಳಲ್ಲ, ಪಾನಕದ ಹುಡುಗ ಉದ್ದ ಲೋಟವನ್ನು ಕೊನೆಗೂ ಬಿಟ್ಟುಕೊಡಲಿಲ್ಲ. ಆದರೆ ಮಕ್ಕಳು ಯೋಚಿಸುವಾಗ ಲೋಟವನ್ನಷ್ಟೇ ಅಲ್ಲ, ಕೇಳುವವರ ಮುಖವನ್ನೂ ಓದುತ್ತಾರೆ.

ಹೈಸ್ಕೂಲಿಗೆ ಬಂದರೂ ಇದು ತಪ್ಪಿಲ್ಲ. ಪಿಯಾಜೆ ಮತ್ತು ಅವರ ಸಹೋದ್ಯೋಗಿ ಇನ್‌ಹೆಲ್ಡರ್ 1955ರಲ್ಲಿ ಬರೆದ ಲೋಲಕದ ಪ್ರಯೋಗವನ್ನು ನಮ್ಮ ಒಂಬತ್ತನೇ ಕ್ಲಾಸಿಗೆ ಕೊಟ್ಟಿದ್ದೆ: ತೂಗಾಟದ ವೇಗ ಯಾವುದರಿಂದ ಬದಲಾಗುತ್ತೆ, ದಾರದ ಉದ್ದವೋ, ಕಟ್ಟಿದ ಭಾರವೋ? ಸುಮಾರು ಜನ ಎರಡನ್ನೂ ಒಟ್ಟಿಗೇ ಬದಲಿಸಿದರು. ಒಬ್ಬಳು ಮಾತ್ರ ದಾರ ಅಷ್ಟೇ ಇಟ್ಟು ಕಲ್ಲು ಬದಲಿಸಿ, ಆಮೇಲೆ ದಾರ ಗಿಡ್ಡ ಮಾಡಿ, "ಉದ್ದ ಮೇಡಂ" ಅಂದಳು.

"ಹೆಂಗೆ ಗೊತ್ತಾಯ್ತು?" ಅಂದೆ.

ಅವಳ ಮುಖ ಸಪ್ಪಗಾಯಿತು. "ತಪ್ಪಾ ಮೇಡಂ?"