ಕಣ್ಣಿಗೇ ಕಾಣದ ಹುಳಕ್ಕೆ ಹೊಸ ಕುಲವೇ?

ಕೀಟಗಳನ್ನು ವಿಂಗಡಿಸುವ ನನಗೆ ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಈ ಪ್ರಶ್ನೆ ತಪ್ಪುವುದಿಲ್ಲ. "ಅಲ್ಲ ಸಾರ್, ಕಣ್ಣಿಗೇ ಕಾಣದ ಹುಳ. ಅದು ಹೊಸ ಕುಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಋಷಿಮೂಲ, ನದಿಮೂಲ ಕೇಳಬಾರದು ಎನ್ನುವವರೂ ಹುಳದ ಮೂಲ ಕೇಳದೆ ಬಿಡುವುದಿಲ್ಲ.

ಕುಲ ಎಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪು (genus). ಚಿಕ್ಕದು ಎಂಬ ಕಾರಣಕ್ಕೆ ಯಾವುದೂ ಹೊಸ ಕುಲವಾಗುವುದಿಲ್ಲ. ನಾನು ಸಾಮಾನ್ಯವಾಗಿ ಕೊಡುವ ಉದಾಹರಣೆ ಸೈಡೊಸೆಲ್ಲ. ಟಿಲಿಯಿಡೀ ಕುಟುಂಬದ, ಅಣಬೆಯಲ್ಲಿ ಬದುಕುವ ಜೀರುಂಡೆ. ರಾಗಿಕಾಳಿನ ಉದ್ದಕ್ಕೆ ನಾಲ್ಕನ್ನು ಸಾಲಾಗಿ ನಿಲ್ಲಿಸಬಹುದು. ರೆಕ್ಕೆ ಎಂದರೆ ಒಂದು ಸಣ್ಣ ಕಡ್ಡಿ, ಅದರ ಅಂಚಿಗೆ ಕೂದಲ ಸಾಲು, ಅಷ್ಟೇ. 1999ರಲ್ಲಿ ವೆಸ್ಲಿ ಯೂಜೀನ್ ಹಾಲ್ ಇದಕ್ಕೆ ಕುಲದ ಹೆಸರು ಕೊಟ್ಟರು. ಪ್ರಭೇದದ ಹೆಸರು ಮುಸಾವಾಸೆನ್ಸಿಸ್, ನಿಕರಾಗುವಾದ ಮುಸಾವಾಸ್ ಎಂಬ ಊರಿನಿಂದ ಬಂದದ್ದು.

ಇಂಥದ್ದನ್ನು ಚಿಮುಟದಲ್ಲಿ ಹಿಡಿದರೆ ಪುಡಿ. ಆಲ್ಕೋಹಾಲಿನಲ್ಲಿ ಅದ್ದಿದ ಕುಂಚದ ಒಂದೆರಡು ಕೂದಲಿಗೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು ಎತ್ತಬೇಕು. ಒಳಗಿನ ಮೃದುಭಾಗ ಕರಗಿಸಿ, ಸ್ಲೈಡಿನ ಮೇಲಿಟ್ಟು, ಗಾಜು ಮುಚ್ಚಿ ಸೂಕ್ಷ್ಮದರ್ಶಕದಡಿ ನೋಡಿದರೆ ಆಮೇಲೆ ಶುರು ನಿಜವಾದ ಕೆಲಸ: ಮೀಸೆಯ ಗೆಣ್ಣುಗಳು, ಎದೆಯ ಅಡಿಭಾಗದ ಏಣುಗಳು, ಹೆಣ್ಣಿನ ಹೊಟ್ಟೆಯೊಳಗೆ ವೀರ್ಯ ಕೂಡಿಡುವ ಚೀಲದ ಆಕಾರ. ಈ ಕುಟುಂಬದಲ್ಲಿ ಆ ಚೀಲದ ಸಾಕ್ಷ್ಯಕ್ಕೆ ತುಂಬಾ ಬೆಲೆ.

ಆದರೆ ಒಂದೇ ಹುಳವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರ ಕುಲ ತಿಳಿಯುವುದಿಲ್ಲ. ಬಳಗದವರನ್ನೆಲ್ಲ ಪಕ್ಕದಲ್ಲಿಟ್ಟು ನೋಡಬೇಕು. ಹಾಲ್ ಮಾಡಿದ್ದೂ ಅದನ್ನೇ. ನ್ಯಾನೊಸೆಲ್ಲಿನಿ ಎಂಬ ಇಡೀ ಪಂಗಡದ ಕುಲಗಳನ್ನು ಮರುಪರಿಶೀಲಿಸಿದರು. ಇದ್ದ ಯಾವ ಕುಲದ ಲಕ್ಷಣಕ್ಕೂ ಹೊಂದದೆ ಉಳಿದವುಗಳಿಗೆ ಹೊಸ ಮನೆ ಕಟ್ಟಿದರು. ಹೊಸ ಕುಲ ಸಿಗುವುದು ಕಾಡಿನಲ್ಲಲ್ಲ, ಮೇಜಿನ ಮೇಲೆ ಎಂದು ನಾನು ಹೇಳುವುದು ಇದಕ್ಕೇ. ಯಾವ ಲಕ್ಷಣದಿಂದ ಬೇರೆ ಎಂದು ಬರೆಯಬೇಕು, ಒಂದು ಪ್ರಭೇದವನ್ನು ಕುಲಕ್ಕೆ ಮಾದರಿಯೆಂದು ತೋರಿಸಬೇಕು. ಇಲ್ಲದಿದ್ದರೆ ಹೆಸರು ಊರ್ಜಿತವಾಗುವುದಿಲ್ಲ.

ಇಷ್ಟಾದರೂ ಅದು ಒಬ್ಬರ ವಾದವೇ. ಪ್ರಭೇದಗಳ ನಡುವಿನ ಗೆರೆಯನ್ನು ಒಂದಿಷ್ಟು ಮಟ್ಟಿಗೆ ಪ್ರಕೃತಿಯೇ ಎಳೆದಿರುತ್ತದೆ. ಕುಲದ ಗೆರೆ ಎಳೆಯುವವರು ನಾವು. ನಾಳೆ ಇನ್ನೊಬ್ಬರು ಬಂದು "ಇದು ಆ ಹಳೆ ಕುಲದ್ದೇ" ಎಂದು ತೋರಿಸಿದರೆ ಹೊಸ ಹೆಸರು ಹಳೆಯದರಲ್ಲಿ ಕರಗಿಹೋಗುತ್ತದೆ. ಅದರಲ್ಲಿ ಅವಮಾನವೇನಿಲ್ಲ.

ಸೈಡೊಸೆಲ್ಲದ ಸರಿಯಾದ ಉದ್ದ ಗೊತ್ತಾದದ್ದು 2015ರಲ್ಲಿ. ಮೊದಲ ಮಾದರಿಗಳು ಸ್ಲೈಡಿನೊಳಗೆ ಹುದುಗಿದ್ದವು, ಕರಾರುವಾಕ್ಕಾಗಿ ಅಳೆಯಲು ಒದಗುತ್ತಿರಲಿಲ್ಲ. ರಷ್ಯಾದ ಅಲೆಕ್ಸಿ ಪೊಲಿಲೋವ್ ಕೊಲಂಬಿಯಾದ ಚಿಕಾಕೆಯಲ್ಲಿ ಅಣಬೆಯಿಂದ 85 ಹುಳ ಸಂಗ್ರಹಿಸಿ ಅಳೆದರು. ಎಲ್ಲಕ್ಕಿಂತ ಚಿಕ್ಕದು 0.325 ಮಿಲಿಮೀಟರ್, ಪರಾವಲಂಬಿಯಲ್ಲದ ಕೀಟಗಳಲ್ಲೇ ಅತಿ ಕಿರಿದು ಎಂಬ ಪಟ್ಟ ಗಟ್ಟಿಯಾಯಿತು. ಅಷ್ಟರಲ್ಲಿ ಆ ಕುಲಕ್ಕೆ 16 ವರ್ಷ ವಯಸ್ಸಾಗಿತ್ತು.