ಯಡಕುಮರಿ ಮಾದರಿ: ಹಳಿಗೆ ತುಕ್ಕು ಹಿಡಿಸಿದ ವಾರ

ಸಕಲೇಶಪುರದ ಘಾಟಿಯಲ್ಲಿರುವ ಯಡಕುಮರಿ ರೈಲು ಸ್ಟೇಷನ್ನಿನ ಪುಟ್ಟ ಮಾದರಿ ಮಾಡುತ್ತಿದ್ದೇನೆ; ಅದು ಯಾವ ವರ್ಷದ ಸ್ಟೇಷನ್ ಆಗಬೇಕು ಎಂಬುದೊಂದೇ ತೀರ್ಮಾನವಾಗಿರಲಿಲ್ಲ. ಸೋಮವಾರಪೇಟೆಯಲ್ಲಿ ಮೂರು ವಾರದಿಂದ ಮಳೆ ಬಿಟ್ಟಿಲ್ಲ. ಕಾಫಿ ಮೂಟೆ ಇಡುವ ಕೋಣೆಯ ಮೂಲೆಯಲ್ಲಿಟ್ಟಿದ್ದ ಮಾದರಿಯ ತಳದ ಪ್ಲೈವುಡ್ ಥಂಡಿ ಕುಡಿದು, ಸ್ಟೇಷನ್ ಅಂಗಳದ ನಡುವೆ 3 ಮಿ.ಮೀ. ಬಗ್ಗಿತ್ತು. ಕಿತ್ತು, ಅಡಿಗೆ ಎರಡು ರೀಪು ಹೆಚ್ಚಿಗೆ ಕೊಟ್ಟು ಮತ್ತೆ ಕೂರಿಸಿದೆ. ಅದಕ್ಕೇ ನಾಲ್ಕು ದಿನ ಹೋಯಿತು.

ನಮ್ಮ ಕೊಡಗಿನಲ್ಲಿ ಒಂದಡಿ ಹಳಿಯೂ ಇಲ್ಲ. ನಾನು ಮೊದಲು ರೈಲು ಹತ್ತಿದ್ದು ಪಕ್ಕದ ಸಕಲೇಶಪುರದಲ್ಲಿ, ಅಪ್ಪನ ಜೊತೆ ಮಂಗಳೂರಿಗೆ ಹೊರಟಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದೆವು. ಎಣಿಕೆ ಹದಿನೇಳಕ್ಕೇ ತಪ್ಪಿತು.

1979ರಲ್ಲಿ ಶುರುವಾದ ಈ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ದಾರಿ, ಅಗಲದ ಬ್ರಾಡ್ ಗೇಜಿಗೆ ಬದಲಿಸಲೆಂದು 1996ರಲ್ಲಿ ನಿಂತಿತು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಹತ್ತು ವರ್ಷ ಯಡಕುಮರಿಯಂಥ ಸ್ಟೇಷನ್ನುಗಳು ಕಾಡಿಗೇ ಬಿಟ್ಟಂತಿದ್ದವು. ಆ ಕಾಲದಲ್ಲೊಮ್ಮೆ ಗೆಳೆಯರ ಜೊತೆ ಸಕಲೇಶಪುರದ ಹತ್ತಿರದ ದೋಣಿಗಾಲಿನಿಂದ ಯಡಕುಮರಿಗೆ ಹಳಿಯ ಮೇಲೇ ನಡೆದಿದ್ದೆ, ಹತ್ತಿರ ಹತ್ತಿರ 18 ಕಿ.ಮೀ. ಸೇತುವೆ ಮೇಲೆ ಹಳಿಯಡಿಯ ಅಡ್ಡಪಟ್ಟಿಗಳಲ್ಲಿ, ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುವಾಗ ಕೆಳಗೆ ಹೊಳೆ ಕಾಣುತ್ತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಜೀರುಂಡೆ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಗಾಗಿ ಯಾವ ವರ್ಷದ ಯಡಕುಮರಿ ಮಾಡಬೇಕು ಎಂಬ ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆ: 1998. ಹಳಿ ಇದೆ, ರೈಲಿಲ್ಲ. ಕೊಂಡಿಟ್ಟಿದ್ದ ವೈಡಿಎಂ-4 ಎಂಬ ಮೀಟರ್ ಗೇಜ್ ಡೀಸೆಲ್ ಎಂಜಿನ್ನಿನ ಮಾದರಿ ಗಾಜಿನ ಬೀರುವಿನಲ್ಲೇ ಇರಲಿ.

ಅಳತೆ 1:87, ಅಂದರೆ ನಿಜದ್ದರ 87ನೇ ಒಂದು ಪಾಲು. ಮೀಟರ್ ಗೇಜಿಗೆ 12 ಮಿ.ಮೀ. ಹಳಿ ಸರಿಹೊಂದುತ್ತದೆ. ಘಾಟಿಯ ಏರು 50ಕ್ಕೆ 1, ಅಂದರೆ ನನ್ನ ಹಲಗೆಯ ಮೊದಲ ಒಂದು ಮೀಟರಿನಲ್ಲಿ 2 ಸೆಂ.ಮೀ. ಏರಿಸಿ, ಆಮೇಲೆ ಅಂಗಳವನ್ನು ಮಟ್ಟ ಮಾಡಿದ್ದೇನೆ.

ಬಣ್ಣದ ಕೆಲಸದಲ್ಲಿ ಒಂದು ಸಂಗತಿ ಗಮನಿಸಿದೆ. ರೈಲು ಓಡುವ ಹಳಿಗೆ ಪಕ್ಕದಲ್ಲಿ ಎಷ್ಟೇ ತುಕ್ಕಿದ್ದರೂ ನೆತ್ತಿ ಬೆಳ್ಳಗೆ ಹೊಳೆಯುತ್ತದೆ, ಚಕ್ರ ಉಜ್ಜಿ ಉಜ್ಜಿ. ಮಾದರಿ ಮಾಡುವವರು ಬಣ್ಣ ಬಳಿದು ಕೊನೆಗೆ ನೆತ್ತಿ ಒರೆಸುವುದು ಇದಕ್ಕೇ. ನಾನು ಒರೆಸಲಿಲ್ಲ. ಕಂದು ಬಣ್ಣಕ್ಕೆ ಒಂದು ಚೂರು ಕೆಂಪು ಬೆರೆಸಿ, ಸೊನ್ನೆ ನಂಬರಿನ ಬ್ರಷ್ಷಿನಲ್ಲಿ ನೆತ್ತಿಗೂ ಎಳೆದೆ. ಎರಡನೇ ಕೋಟು ಒಣಗಿದ ಮೇಲೆ ಲೈಟು ಹಾಕಿ ನೋಡಿದರೆ ಹಳಿ ಎಲ್ಲೂ ಮಿಂಚಲಿಲ್ಲ. ಅವತ್ತು ನಡೆಯುವಾಗ ನೋಡಿದ ಹಳಿಯೇ ಅದು. ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಮಣ್ಣಿಗೆ ಕಾಫಿ ಚರಟ ಹುರಿದಿಟ್ಟಿದ್ದೇನೆ. ಚೆನ್ನಾಗಿ ಹುರಿಯದಿದ್ದರೆ ಈ ಮಳೆಯಲ್ಲಿ ಬೂಷ್ಟು ಗ್ಯಾರಂಟಿ. ಗಿಡಗಂಟಿಗೆ ತೋಟದ ಸಿಲ್ವರ್ ಓಕ್ ಮರದ ಪಾಚಿಯನ್ನು ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಹರವಿದೆ. ಅದು ಒಣಗಿದ ಕೂಡಲೇ ಸ್ಲೀಪರುಗಳ ನಡುವೆ ಅಂಟಿಸಬೇಕು. ಹಳದಿ ಬೋರ್ಡಿನ ಮೇಲೆ ಕಪ್ಪಕ್ಷರ ಬರೆಯುವುದು ಕಟ್ಟಕಡೆಗೆ, ಮಳೆ ನಿಂತು ಕೈ ಒಣಗಿದ ಮೇಲೆ.