ಜೋಲು ಕೊಂಬೆಯ ಕೋನಿಫರ್ ಎಷ್ಟು ದೊಡ್ಡದಾಗುತ್ತದೆ?

ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ ಒಂದು ವಾರ ನನ್ನ ಮೊಬೈಲ್‌ಗೆ ಬಿಡುವಿರುವುದಿಲ್ಲ. ಮನೆಗಳ ಮುಂದೆ ಕೈತೋಟ ಮಾಡಿಕೊಡುವುದು ನನ್ನ ಕಸುಬು. ಬರುವ ಫೋಟೋಗಳಲ್ಲಿ ಅರ್ಧದಷ್ಟರಲ್ಲಿ ಒಂದೇ ಮರ, ಜೋಲು ಕೋನಿಫರ್, ಅಂದರೆ ಪೈನ್, ಸೈಪ್ರೆಸ್‌ಗಳ ಬಳಗದ, ಕೊಂಬೆ ತೂಗುವ ಮರ: ಯಾವುದೋ ಚಳಿನಾಡಿನ ಮನೆ, ಬಾಗಿಲ ಪಕ್ಕದಲ್ಲಿ ನೀಲಿ ಬೂದು ಬಣ್ಣದ ಕೊಂಬೆಗಳು ಜಡೆ ಬಿಚ್ಚಿದಂತೆ ನೆಲದವರೆಗೆ ಇಳಿದಿರುತ್ತವೆ. ಕೆಳಗೆ ಪ್ರಶ್ನೆ: 'ನಮ್ಮದು 30×40 ಸೈಟು. ಇದನ್ನು ಹಾಕಬಹುದೇ? ಎಷ್ಟು ದೊಡ್ಡದಾಗುತ್ತದೆ?' ಕೇಳುವವರಿಗೆ ಬೇಕಾಗಿರುವ ಉತ್ತರ 'ಆರು ಅಡಿ' ಎಂದು ನನಗೂ ಗೊತ್ತು. ಅದನ್ನು ನಾನು ಕೊಡುವುದಿಲ್ಲ.

ಮೊದಲು ಆ ಫೋಟೋದ ಮಾತು. ಅದು ಸಾಮಾನ್ಯವಾಗಿ ಅಟ್ಲಾಸ್ ಸೀಡರ್‌ನ ಜೋಲು ತಳಿ. ಅದರ ಮೂಲ ಮೊರಾಕ್ಕೊ, ಅಲ್ಜೀರಿಯಾಗಳ ಬೆಟ್ಟಸಾಲು. ಅದು ಇಲ್ಲದಿದ್ದರೆ ನಾರ್ವೆ ಸ್ಪ್ರೂಸ್‌ನ ಜೋಲು ತಳಿ. ಎರಡಕ್ಕೂ ಚಳಿಗಾಲದಲ್ಲಿ ಗಟ್ಟಿ ನಿದ್ದೆ ಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜನವರಿಯ ಬೆಳಗ್ಗೆ ನಾವು ಸ್ವೆಟರ್ ಹಾಕಿಕೊಂಡು ಚಳಿ ಎನ್ನುತ್ತೇವೆ. 15 ಡಿಗ್ರಿಯ ಆ ಚಳಿ ಈ ಮರಗಳಿಗೆ ಲೆಕ್ಕಕ್ಕೇ ಇಲ್ಲ. ನಿದ್ದೆಗೆಟ್ಟವರಂತೆ ವರ್ಷದಿಂದ ವರ್ಷಕ್ಕೆ ಸೊರಗುತ್ತವೆ. ನಾನೇ ಎರಡು ಗಿಡ ಕೊಂದಿದ್ದೇನೆ, ದುಡ್ಡು ಕೊಟ್ಟು ತಂದು.

ಇನ್ನು ಗಾತ್ರ. ಕೋನಿಫರ್‌ಗೆ ಕೊನೆಯ ಗಾತ್ರ ಎಂಬುದಿಲ್ಲ, ಬದುಕಿರುವಷ್ಟು ದಿನ ಬೆಳೆಯುತ್ತದೆ. ವಿದೇಶದ ನರ್ಸರಿಗಳು ಗಿಡಕ್ಕೆ ಕಟ್ಟುವ ಚೀಟಿಗಳಲ್ಲಿ ಬರೆದಿರುವುದು ಬಹಳ ಸಲ ಹತ್ತು ವರ್ಷದ ಗಾತ್ರ. ಅಮೆರಿಕದ ಕೋನಿಫರ್ ಸೊಸೈಟಿಯವರು ಮರಗಳನ್ನು ವಿಂಗಡಿಸುವುದು ವರ್ಷದ ಬೆಳವಣಿಗೆಯಿಂದ: ಇಂಚಿಗಿಂತ ಕಡಿಮೆ ಬೆಳೆದರೆ ಮಿನಿಯೇಚರ್, 1ರಿಂದ 6 ಇಂಚು ಆದರೆ ಡ್ವಾರ್ಫ್, 6ರಿಂದ 12 ಇಂಚು ಮಧ್ಯಮ, ಅದಕ್ಕಿಂತ ಹೆಚ್ಚಾದರೆ ದೊಡ್ಡದು. ಅಂದರೆ ವರ್ಷಕ್ಕೆ ಆರು ಇಂಚು ಬೆಳೆಯುವ 'ಕುಳ್ಳ' ಗಿಡ ಹತ್ತು ವರ್ಷದಲ್ಲಿ ಐದು ಅಡಿ, ನಿಮ್ಮ ಇಪ್ಪತ್ತು ವರ್ಷದ ಗೃಹಸಾಲ ತೀರುವ ಹೊತ್ತಿಗೆ ಹತ್ತು ಅಡಿ. ಅದೂ ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯುವ ಊರಿನ ಲೆಕ್ಕ. ನಮ್ಮ ಹವೆಗೆ ಒಗ್ಗಿದ ಮರಕ್ಕೆ ಇಲ್ಲಿ ಬೆಳೆಯದ ತಿಂಗಳು ಕಡಿಮೆ.

ಜೋಲು ಮರಗಳಲ್ಲಿ ಇನ್ನೊಂದು ಗುಟ್ಟಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವಲ್ಲ, ಇಲ್ಲಿ ತಾಪತ್ರಯ ಉಲ್ಟಾ: ಆ ನೀಲಿ ಸೀಡರ್‌ಗೆ ತಾನಾಗಿ ಎದ್ದು ನಿಲ್ಲುವ ತುದಿಯೇ ಇಲ್ಲ. ನರ್ಸರಿಯವರು ಕೋಲಿಗೆ ಕಟ್ಟಿ ನಿಲ್ಲಿಸಿರುತ್ತಾರೆ. ಕೋಲು ಎಷ್ಟು ಎತ್ತರವೋ ಹೆಚ್ಚುಕಡಿಮೆ ಮರವೂ ಅಷ್ಟೇ, ಅಲ್ಲಿಂದ ಮುಂದೆ ಬೆಳೆಯುವುದೆಲ್ಲ ಅಗಲಕ್ಕೆ. ಇನ್ನು ಕೆಲವದರಲ್ಲಿ ಕಾಂಡ ನೆಟ್ಟಗೆ ಏರುತ್ತದೆ, ಕಿರುಕೊಂಬೆಗಳಷ್ಟೇ ತೂಗುತ್ತವೆ. ಅವು ಪೂರ್ತಿ ಮರವೇ ಆಗುತ್ತವೆ. ಆದ್ದರಿಂದ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ತುದಿಯನ್ನು ನೋಡಿ. ಕಟ್ಟಿದ ದಾರವನ್ನೂ ನೋಡಿ. ಒಮ್ಮೆ ನಾನು ತಂದ ಗಿಡದಲ್ಲಿ ಹಸಿರು ನೈಲಾನ್ ದಾರ ತೊಗಟೆಯೊಳಗೆ ಹೂತುಹೋಗಿತ್ತು. ಬ್ಲೇಡಿನಿಂದ ಬಿಡಿಸಿದಾಗ ಬಳೆ ತೊಟ್ಟ ಕೈಯಲ್ಲಿ ಉಳಿಯುವಂಥ ಗುರುತು, ಅದರ ಮೇಲೆ ಕಾಂಡ ಊದಿಕೊಂಡಿತ್ತು.

ಹಾಗಾದರೆ ನಮ್ಮೂರಿಗೆ ಯಾವುದು? ಜಾಗವಿದ್ದವರಿಗೆ ಕಾಶ್ಮೀರ ಸೈಪ್ರೆಸ್ ಬಗ್ಗೆ ಹೇಳುತ್ತೇನೆ. ಹೆಸರಿಗಷ್ಟೇ ಕಾಶ್ಮೀರ, ಅದರ ತವರು ಭೂತಾನ್ ಮತ್ತು ಅರುಣಾಚಲ. ನೀಲಿ ಛಾಯೆಯ ಎಲೆ ದಾರದಂತೆ ಇಳಿಯುತ್ತದೆ, ನೋಡಿದರೆ ಆಸೆಯಾಗುತ್ತದೆ. ಆದರೆ ಅದು ಕಾಂಡ ನೆಟ್ಟಗೆ ಏರುವ ಎರಡನೆಯ ಬಗೆಯದು, ತವರಿನಲ್ಲಿ 20 ಮೀಟರ್ ದಾಟುವ ಮರ. ಊಟಿಯಲ್ಲಿ ಕಂಡ ಮೆಕ್ಸಿಕೊದ ಪಾಟುಲಾ ಪೈನ್ ಬೇಕೆನ್ನುವವರಿಗೆ, ಅದನ್ನು ಊಟಿಯಲ್ಲೇ ನೋಡಿಕೊಂಡು ಬನ್ನಿ ಎನ್ನುತ್ತೇನೆ. ನನ್ನ ಒಲವು ಪೂರ್ವ ಆಫ್ರಿಕಾದ ಪೋಡೋಕಾರ್ಪಸ್ ಕಡೆಗೆ. ಅದರ ಎಳೆಯ ಕೊಂಬೆ ಮೆತ್ತಗೆ ಬಾಗುತ್ತದೆ. ಅದೂ ದೊಡ್ಡ ಮರವೇ, ಆದರೆ ಕತ್ತರಿಗೆ ಮಣಿಯುತ್ತದೆ. ಈ ಬಳಗಕ್ಕೂ ನಮಗೂ ನೆಂಟಸ್ತನವಿದೆ ಅನ್ನಿ: ದಕ್ಷಿಣ ಭಾರತದ ಕಾಡಿಗೆ ತನ್ನದೇ ಆದ ಕೋನಿಫರ್ ಒಂದೇ ಒಂದು, ಪಶ್ಚಿಮ ಘಟ್ಟದ ನಾಗೇಯಾ, ಅದು ಪೋಡೋಕಾರ್ಪಸ್ ಕುಟುಂಬದ್ದು.

ಕತ್ತರಿಗೆ ಮಣಿಯುವುದು ಎಂದೆ, ಅದು ಸಣ್ಣ ಗುಣವಲ್ಲ. ಸೀಡರ್, ಸೈಪ್ರೆಸ್, ಪೈನ್‌ಗಳ ಕೊಂಬೆಯನ್ನು ಎಲೆಯಿಲ್ಲದ ಹಳೆಯ ಭಾಗದವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರು ಬರುವುದು ಅಪರೂಪ. ಬೋಳು ಬೋಳಾಗಿಯೇ ಉಳಿಯುತ್ತದೆ. 'ದೊಡ್ಡದಾದರೆ ಕತ್ತರಿಸೋಣ' ಎಂಬ ಧೈರ್ಯ ದಾಸವಾಳದ ಬೇಲಿಗೆ ಸರಿ, ಇವುಗಳಿಗಲ್ಲ.

ಜಯನಗರದ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅಲ್ಲಿರುವುದು ನಾವೆಲ್ಲ ಕ್ರಿಸ್ಮಸ್ ಗಿಡ ಎನ್ನುವ ಅರೌಕೇರಿಯಾ. ತನ್ನ ಪೆಸಿಫಿಕ್ ದ್ವೀಪಗಳಲ್ಲಿ ಅದು 60 ಮೀಟರ್ ಮುಟ್ಟುತ್ತದೆ. ಲಾಲ್‌ಬಾಗ್‌ನಲ್ಲಿ ತಲೆ ಎತ್ತಿ ನೋಡಿದವರಿಗೆ ಹೇಳಬೇಕಾಗಿಲ್ಲ. ಇವರು ಗೃಹಪ್ರವೇಶಕ್ಕೆ ಕುಂಡದಲ್ಲಿ ಬಂದದ್ದನ್ನು ಕಾಂಪೌಂಡಿನಿಂದ ಮೂರು ಅಡಿಗೆ ನೆಟ್ಟರು. ಅದು ತಾರಸಿ ದಾಟಿ ವಿದ್ಯುತ್ ತಂತಿಯ ಹತ್ತಿರ ಬಂದಾಗ ಯಾರೋ ತುದಿ ಹಾರಿಸಿದರು. ಈಗ ಆ ಗಾಯದ ಕೆಳಗಿನಿಂದ ಮೂರು ತುದಿ ಎದ್ದಿವೆ, ತ್ರಿಶೂಲದಂತೆ. ಪೂರ್ತಿ ಕಡಿಯೋಣವೆಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು. ಯಜಮಾನರು ಕತ್ತರಿಸಿದ ಪಕ್ಕದ ಕೊಂಬೆಯೊಂದನ್ನು ಹಟ ಹಿಡಿದು ಬೇರು ಬರಿಸಿದ್ದರು. ಅರೌಕೇರಿಯಾದ ಪಕ್ಕದ ಕೊಂಬೆ ಬೇರು ಬಿಟ್ಟರೂ ತಾನು ಕೊಂಬೆ ಎಂಬುದನ್ನು ಮರೆಯುವುದಿಲ್ಲ, ಮೇಲಕ್ಕೆ ಏಳದೆ ಅಡ್ಡಕ್ಕೇ ಬೆಳೆಯುತ್ತದೆ. ಅವರ ಕುಂಡದಲ್ಲೂ ಅದು ಬದಿ ದಾಟಿ ಕೆಳಗೆ ವಾಲಿದೆ. 'ನೋಡಿ, ನನ್ನದೇ ಜೋಲು ಕೋನಿಫರ್' ಎಂದು ತೋರಿಸಿದರು. ಒಪ್ಪಿದೆ. ಆ ಮನೆಗೆ ಸರಿಹೊಂದುವ ಏಕೈಕ ಗಾತ್ರದ್ದು ಅದೇ.

ಈಗೀಗ ನಾನು ಅಂಕಿ ಹೇಳುವುದನ್ನು ಬಿಟ್ಟು ಸೈಟಿಗೇ ಹೋಗುತ್ತೇನೆ. ಗಿಡ ನೆಡುವ ಜಾಗದಲ್ಲಿ ಗೂಟ ಹೊಡೆದು ಹತ್ತು ಅಡಿ ಹಗ್ಗ ಕಟ್ಟಿ, ರಂಗೋಲಿ ಪುಡಿಯಲ್ಲಿ ವೃತ್ತ ಎಳೆಯುತ್ತೇನೆ. ಕಳೆದ ತಿಂಗಳು ಒಂದು 30×40ರಲ್ಲಿ ಎಳೆದ ವೃತ್ತ ಗೋಡೆಗೆ ಮುಟ್ಟಿ, ಗೇಟನ್ನು ನುಂಗಿ, ಉಳಿದದ್ದು ರಸ್ತೆಗೆ ಹೋಯಿತು. ಮನೆಯೊಡತಿ ಬಿಳಿ ಗೆರೆಯೊಳಗೆ ನಿಂತು, ಕಾರು ಎಲ್ಲಿ ನಿಲ್ಲಿಸುವುದು ಎಂದು ಗಂಡನನ್ನು ಕೇಳಿದರು. ಅವರು ಉತ್ತರ ಕೊಡದೆ ನನ್ನನ್ನು ನೋಡಿದರು.

ಇಂಥ ಮನೆಗಳಿಗೆ ನಾನು ಸೂಚಿಸುವುದು ಕೋನಿಫರನ್ನೇ ಅಲ್ಲ, ಆಸ್ಟ್ರೇಲಿಯಾ ಮೂಲದ ಜೋಲು ಬಾಟಲ್ ಬ್ರಷ್. ಕೊಂಬೆ ಅಷ್ಟೇ ಚೆಂದವಾಗಿ ಇಳಿಯುತ್ತದೆ, ಕೆಂಪು ಹೂವಿಗೆ ಸೂರಕ್ಕಿಗಳು ಬರುತ್ತವೆ, ಕತ್ತರಿಸಿದರೆ ಚಿಗುರುತ್ತದೆ. ಅವರು ಯೋಚಿಸಿ ಹೇಳುತ್ತೇವೆ ಎಂದರು. ಮರುದಿನ ಬೆಳಗ್ಗೆ ಫೋಟೋ ಬಂತು, ಸಿದ್ದಾಪುರದ ನರ್ಸರಿಯೊಂದರಿಂದ. ಬಾಟಲ್ ಬ್ರಷ್. ಕೆಳಗೆ: 'ಇದು ಎಷ್ಟು ದೊಡ್ಡದಾಗುತ್ತದೆ?'